ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ: ತಿಂಗಳ ಖರ್ಚಿಗೆ ಸಾಕಾ?

60 ದಾಟಿದವರು ಗರಿಷ್ಠ 30 ಲಕ್ಷ ಇಡಬಹುದು. 2023ರ ಏಪ್ರಿಲ್‌ನಲ್ಲಿ ನಿಗದಿಯಾದ ಶೇ 8.2ರ ದರದಲ್ಲಿ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ, ಅಂದರೆ ತಿಂಗಳಿಗೆ 20,500. ಸ್ವಂತ ಮನೆಯಿದ್ದು ದಿನಸಿ, ಹಾಲು, ಕರೆಂಟು, ಔಷಧಿಯೆಲ್ಲ 15 ಸಾವಿರದಲ್ಲಿ ಮುಗಿಯುವ ಸಂಸಾರಕ್ಕೆ ಸದ್ಯಕ್ಕೆ ಸಾಕು.

ಸದ್ಯಕ್ಕೆ ಮಾತ್ರ. ಬಡ್ಡಿ ಐದು ವರ್ಷ ಕದಲುವುದಿಲ್ಲ, ಬೆಲೆ ಕದಲುತ್ತದೆ. ವರ್ಷಕ್ಕೆ ಶೇ 6ರಂತೆ ಏರಿದರೆ ಇಂದಿನ 15 ಸಾವಿರದ ಖರ್ಚು ಐದು ವರ್ಷಕ್ಕೆ 20 ಸಾವಿರ ಮುಟ್ಟುತ್ತದೆ. ಹಾಗಾಗಿ ಈಗ ಮಿಗುವ 5,500 ಮಿಗುವ ದುಡ್ಡೇ ಅಲ್ಲ, ತಿಂಗಳು ತಿಂಗಳು ಕಟ್ಟುವ ಠೇವಣಿಗೆ (ಆರ್‌ಡಿ) ಹಾಕಿ.

ಬಡ್ಡಿ ನೇರ ಉಳಿತಾಯ ಖಾತೆಗೆ ಬರುವಂತೆ ಮಾಡಿಸಿಕೊಳ್ಳಿ. ತೆಗೆಯದೆ ಬಿಟ್ಟ ಬಡ್ಡಿಗೆ ಬಡ್ಡಿ ಹುಟ್ಟದು. ವರ್ಷದೊಳಗೆ ಖಾತೆ ಮುಚ್ಚಿದರೆ ಕೊಟ್ಟ ಬಡ್ಡಿಯನ್ನೂ ಅಸಲಿನಿಂದ ಮುರಿದುಕೊಳ್ಳುತ್ತಾರೆ. ಆಸ್ಪತ್ರೆ ಖರ್ಚಿನ ದುಡ್ಡು ಇಲ್ಲಿಡಬೇಡಿ.