ನುಣುಪು ಬುಶ್, ಕುಳಿಯ ಬುಶ್: ಜರ್ನಲ್ ಬೇರಿಂಗ್‌ನಲ್ಲಿ ಯಾವುದು ಎಲ್ಲಿ ಮೇಲು

ತಿರುಗುವ ಶಾಫ್ಟ್ ಅನ್ನು ಎಣ್ಣೆಯ ತೆಳು ಪದರದ ಮೇಲೆ ಹೊರುವ ಜರ್ನಲ್ ಬೇರಿಂಗ್‌ನಲ್ಲಿ, ಶಾಫ್ಟ್ ಅನ್ನು ಸುತ್ತುವರಿದ ಕೊಳವೆಯಾದ ಬುಶ್‌ನ ಒಳಮೈಯಲ್ಲಿ ಸೂಕ್ಷ್ಮ ಕುಳಿಗಳನ್ನು ಕೊರೆದರೆ ಘರ್ಷಣೆ ಇಳಿಯುತ್ತದೆ ಎಂಬ ಮಾತು ಈಗ ಬಹಳ ಕಡೆ ಕೇಳಿಬರುತ್ತದೆ. ಆ ಮಾತು ಸುಳ್ಳಲ್ಲ. ಆದರೆ ಎಷ್ಟು ವೇಗದಲ್ಲಿ, ಎಷ್ಟು ಭಾರದ ಕೆಳಗೆ, ಬುಶ್‌ನ ಸುತ್ತಳತೆಯ ಯಾವ ಭಾಗದಲ್ಲಿ ಕೊರೆದ ಕುಳಿ ಎಂಬುದನ್ನು ಹೇಳದಿದ್ದರೆ ಅದು ಅರ್ಧ ಮಾತಾಗಿಯೇ ಉಳಿಯುತ್ತದೆ. ಒಂದೇ ಪರೀಕ್ಷಾ ಯಂತ್ರದಲ್ಲಿ, ಒಂದೇ ಶಾಫ್ಟ್ ಮತ್ತು ಒಂದೇ ಎಣ್ಣೆಯೊಂದಿಗೆ ಐದು ಬಗೆಯ ಕಂಚಿನ ಬುಶ್‌ಗಳನ್ನು ಓಡಿಸಿ ನೋಡಿದಾಗ ನನಗೆ ದೃಢವಾದದ್ದು ಇಷ್ಟು: ಕುಳಿಯ ಆಕಾರಕ್ಕಿಂತ ಅದು ಇರುವ ಜಾಗವೇ ಫಲಿತಾಂಶವನ್ನು ಹೆಚ್ಚಾಗಿ ನಿರ್ಧರಿಸುತ್ತದೆ, ಮತ್ತು ನುಣುಪಾದ ಬುಶ್ ಸೋಲುವ ಸಂದರ್ಭಗಳು ಜನ ಭಾವಿಸುವುದಕ್ಕಿಂತ ಕಡಿಮೆ.

ಪರೀಕ್ಷೆಗೆ ಬಳಸಿದ್ದು 50 ಮಿಲಿಮೀಟರ್ ವ್ಯಾಸದ, ಗಟ್ಟಿಗೊಳಿಸಿ ಗ್ರೈಂಡ್ ಮಾಡಿದ ಉಕ್ಕಿನ ಶಾಫ್ಟ್. ಶಾಫ್ಟ್ ಮತ್ತು ಬುಶ್‌ಗಳ ನಡುವಿನ ಕ್ಲಿಯರೆನ್ಸ್, ಅಂದರೆ ಸಂದಿ, ತ್ರಿಜ್ಯದಲ್ಲಿ ಸುಮಾರು 40 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರ್‌ನ ಸಾವಿರದ ಒಂದು ಭಾಗ), ಎಣ್ಣೆ ವಿಜಿ 32 ಎಂಬ ಸ್ನಿಗ್ಧತೆಯ (ಹರಿವಿಗೆ ಎಣ್ಣೆ ಒಡ್ಡುವ ತಡೆಯ) ದರ್ಜೆಯದು. ಬುಶ್ ಕೂತ ಹೌಸಿಂಗ್ ಶಾಫ್ಟ್‌ನ ಮೇಲೆ ತೇಲುವಂತಿದ್ದು, ಅದನ್ನು ತಿರುಗಲು ಬಿಡದೆ ಹಿಡಿದ ತೋಳಿನ ಮೇಲಿನ ಬಲದಿಂದ ಘರ್ಷಣೆಯ ಟಾರ್ಕ್ ತಿಳಿಯುತ್ತದೆ; ಶಾಫ್ಟ್ ಮತ್ತು ಬುಶ್‌ಗಳ ನಡುವೆ ಅಲ್ಪ ವೋಲ್ಟೇಜ್ ಕೊಟ್ಟು, ಲೋಹಕ್ಕೆ ಲೋಹ ತಾಗುವುದು ಯಾವ ವೇಗದಲ್ಲಿ ನಿಲ್ಲುತ್ತದೆ ಎಂಬುದನ್ನು ಗುರುತಿಸಬಹುದು. ಭಾರ ಬೀಳುವ ಭಾಗದ ಹಿಂದೆ ತಾಪಮಾಪಕವಿತ್ತು. ಶಾಫ್ಟ್‌ನ ಅಲುಗಾಟವನ್ನು ಎರಡು ದಿಕ್ಕಿನಿಂದ ಅಳೆಯುವ ಪ್ರೋಬ್‌ಗಳಿದ್ದವು. ಒಳಬರುವ ಎಣ್ಣೆಯ ತಾಪವನ್ನು ಸ್ಥಿರವಾಗಿಡುವುದು ಇಲ್ಲಿ ಅತಿ ಮುಖ್ಯ, ಏಕೆಂದರೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ 32 ಸೆಂಟಿಸ್ಟೋಕ್ಸ್ ಇರುವ ಸ್ನಿಗ್ಧತೆ 100 ಡಿಗ್ರಿಯಲ್ಲಿ ಸುಮಾರು 5ಕ್ಕೆ ಇಳಿಯುತ್ತದೆ, ಮತ್ತು ತಾಪದ ಸಣ್ಣ ವ್ಯತ್ಯಾಸವೂ ಕುಳಿಗಳ ಪರಿಣಾಮವನ್ನು ಮುಚ್ಚಿಹಾಕಬಲ್ಲದು.

ಹೋಲಿಕೆ ನ್ಯಾಯವಾಗಿರಬೇಕಾದರೆ ಇನ್ನೊಂದು ಎಚ್ಚರ ಬೇಕು, ಮತ್ತು ಇದನ್ನು ಬಹಳ ಮಂದಿ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಲೇಸರ್ ಮಿಡಿತ ಕುಳಿ ಕೊರೆಯುವಾಗ ಕರಗಿದ ಲೋಹ ಅಂಚಿನಲ್ಲಿ ಉಬ್ಬಿ ಗಟ್ಟಿಯಾಗುತ್ತದೆ. ಎಣ್ಣೆ ಪದರದ ಕನಿಷ್ಠ ದಪ್ಪ ಕೆಲವೇ ಮೈಕ್ರಾನ್ ಇರುವಲ್ಲಿ ಒಂದೆರಡು ಮೈಕ್ರಾನ್ ಎತ್ತರದ ಅಂಚು ಕೂಡ ಶಾಫ್ಟ್ ಅನ್ನು ಕೆರೆಯುತ್ತದೆ, ಆದ್ದರಿಂದ ಲ್ಯಾಪಿಂಗ್ ಮಾಡಿ, ಅಂದರೆ ಸೂಕ್ಷ್ಮ ಪುಡಿಯಿಂದ ಉಜ್ಜಿ, ಅದನ್ನು ತೆಗೆಯಲೇಬೇಕು. ಲ್ಯಾಪಿಂಗ್ ಮಾಡಿದಾಗ ರಂಧ್ರ ತುಸು ದೊಡ್ಡದಾಗುತ್ತದೆ. ಹಗುರ ಭಾರದಲ್ಲಿ ಘರ್ಷಣೆಯು ಕ್ಲಿಯರೆನ್ಸ್‌ಗೆ ವಿಲೋಮ ಅನುಪಾತದಲ್ಲಿರುತ್ತದೆ ಎಂದು ರಷ್ಯಾದ ಎಂಜಿನಿಯರ್ ಪೆಟ್ರೋಫ್ 1883ರಲ್ಲೇ ತೋರಿಸಿದ್ದರು. ಅಂದರೆ 40 ಮೈಕ್ರಾನ್ ಕ್ಲಿಯರೆನ್ಸ್ 42 ಆದರೆ ಸಾಕು, ಕುಳಿಯೇ ಇಲ್ಲದೆ ಘರ್ಷಣೆ ಸುಮಾರು ಶೇ. 5ರಷ್ಟು ಇಳಿಯುತ್ತದೆ. ಹೀಗಾಗಿ ನುಣುಪು ಬುಶ್‌ಗೂ ಅದೇ ಲ್ಯಾಪಿಂಗ್ ಕೊಟ್ಟು, ಎಲ್ಲ ಬುಶ್‌ಗಳ ರಂಧ್ರವನ್ನು ಅಳೆದು, ಒಂದಕ್ಕೊಂದು ಸರಿಹೊಂದುವವುಗಳನ್ನು ಮಾತ್ರ ಆರಿಸಿಕೊಂಡೆ. ಹೀಗೆ ರಂಧ್ರಗಳನ್ನು ಸರಿಸಮ ಮಾಡದೆ ಶೇ. 5ರ ಲಾಭವನ್ನು ಯಾರಾದರೂ ವರದಿ ಮಾಡಿದರೆ ಅದನ್ನು ನಾನು ಕುಳಿಗಳ ಲೆಕ್ಕಕ್ಕೆ ಸೇರಿಸುವುದಿಲ್ಲ.

ನುಣುಪು ಬುಶ್‌ನ ನಡವಳಿಕೆ ಪಠ್ಯಪುಸ್ತಕದಂತೆಯೇ ಇತ್ತು. ವೇಗ ಇಳಿಸುತ್ತ ಬಂದಂತೆ ಘರ್ಷಣೆ ಇಳಿಯುತ್ತ ಹೋಗಿ, ಒಂದು ತಳಮಟ್ಟ ಮುಟ್ಟಿ, ಅಲ್ಲಿಂದ ಥಟ್ಟನೆ ಏರುತ್ತದೆ; ಜರ್ಮನ್ ಎಂಜಿನಿಯರ್ ಸ್ಟ್ರೈಬೆಕ್ 1902ರಲ್ಲಿ ಪ್ರಕಟಿಸಿದ ರೇಖೆಯ ರೂಪವೇ ಇದು. ತಳದ ಬಲಬದಿಯಲ್ಲಿ, ಅಂದರೆ ಹೆಚ್ಚು ವೇಗದಲ್ಲಿ, ಶಾಫ್ಟ್ ಪೂರ್ತಿಯಾಗಿ ಎಣ್ಣೆಯ ಮೇಲೆ ತೇಲುತ್ತದೆ, ಎಡಬದಿಯಲ್ಲಿ ಭಾರದ ಒಂದು ಪಾಲನ್ನು ಲೋಹದ ಉಬ್ಬುಗಳು ಹೊರುತ್ತವೆ. ಐದೂ ಬುಶ್‌ಗಳ ಹೋಲಿಕೆಯನ್ನು ಈ ಇಡೀ ರೇಖೆಯ ಮೇಲೆ ನೋಡಬೇಕೇ ಹೊರತು ಯಾವುದೋ ಒಂದು ವೇಗದಲ್ಲಿ ಅಲ್ಲ, ಏಕೆಂದರೆ ತಳದ ಎರಡು ಬದಿಗಳಲ್ಲಿ ತೀರ್ಪು ಬೇರೆಬೇರೆಯಾಗಿದೆ.

ಎರಡನೆಯದು ಒಳಮೈ ಪೂರ್ತಿ ಕುಳಿಗಳನ್ನು ಹೊಂದಿದ ಬುಶ್: ಕುಳಿಯ ವ್ಯಾಸ ಸುಮಾರು 100 ಮೈಕ್ರಾನ್, ಆಳ ಸುಮಾರು 8 ಮೈಕ್ರಾನ್, ಮೇಲ್ಮೈಯ ಶೇ. 15ರಷ್ಟು ಭಾಗ ಕುಳಿಗಳದ್ದು. ಕಡಿಮೆ ವೇಗದಲ್ಲಿ ಈ ಬುಶ್ ನುಣುಪಿನದನ್ನು ಸ್ಪಷ್ಟವಾಗಿ ಹಿಂದಿಕ್ಕಿತು. ಲೋಹಸ್ಪರ್ಶ ನಿಲ್ಲುವ ವೇಗ ಕೆಳಗೆ ಬಂತು, ರೇಖೆಯ ತಳ ಎಡಕ್ಕೆ ಸರಿಯಿತು, ನಿಂತ ಶಾಫ್ಟ್ ಮತ್ತೆ ಚಲಿಸಲು ಬೇಕಾದ ಟಾರ್ಕ್ ಇಳಿಯಿತು. ಲು ಮತ್ತು ಖೊನ್ಸಾರಿ 2007ರಲ್ಲಿ ಕುಳಿಯ ಬುಶ್‌ಗಳ ಮೇಲೆ ನಡೆಸಿದ ಪ್ರಯೋಗಗಳು ಮಿಶ್ರ ಸ್ಥಿತಿಯಲ್ಲಿ (ಭಾರವನ್ನು ಎಣ್ಣೆಯೂ ಲೋಹವೂ ಹಂಚಿಕೊಳ್ಳುವಾಗ) ತೋರಿಸಿದ ಒಲವೂ ಇದೇ ಆಗಿದೆ. ಶಾಫ್ಟ್ ನಿಂತಾಗ ಒತ್ತಿದ ಭಾಗದಿಂದ ಎಣ್ಣೆ ಹೊರಗೆ ಹಿಂಡಿಹೋಗುತ್ತದೆ. ಕುಳಿಗಳಲ್ಲಿ ಉಳಿದ ಎಣ್ಣೆ ಮೊದಲ ಸುತ್ತುಗಳಲ್ಲೇ ಮೇಲ್ಮೈಗೆ ಎಳೆದುಬರುತ್ತದೆ, ಮತ್ತು ಸವೆದ ಲೋಹದ ಕಣಗಳು ಅವುಗಳಲ್ಲಿ ಸೇರಿ ಶಾಫ್ಟ್‌ಗೆ ಗೀರು ಹಾಕುವುದು ತಪ್ಪುತ್ತದೆ.

ಆದರೆ ವೇಗ ಏರಿಸಿ ಭಾರವನ್ನೂ ಏರಿಸಿದಾಗ ಅದೇ ಬುಶ್ ನುಣುಪಿನದಕ್ಕಿಂತ ಬಿಸಿಯಾಯಿತು, ಶಾಫ್ಟ್ ಹೆಚ್ಚು ಕೆಳಗೆ ಕುಳಿತಿತು. ಇದರ ಕಾರಣ ಅರಿಯಲು ಎಣ್ಣೆಯ ಬೆಣೆಯನ್ನು, ಅಂದರೆ ಕಿರಿದಾಗುತ್ತ ಹೋಗುವ ಸಂದಿಯಲ್ಲಿನ ಎಣ್ಣೆಯನ್ನು, ನೆನೆಯಬೇಕು. ಬೇರಿಂಗ್‌ನ ಎಣ್ಣೆಯಲ್ಲಿ ಒತ್ತಡ ಹುಟ್ಟುತ್ತದೆ ಎಂಬುದನ್ನು ರೈಲ್ವೆ ಬೇರಿಂಗ್‌ಗಳ ಮೇಲಿನ ತಮ್ಮ ಪ್ರಯೋಗಗಳಲ್ಲಿ ಬ್ರಿಟಿಷ್ ಎಂಜಿನಿಯರ್ ಟವರ್ 1880ರ ದಶಕದಲ್ಲಿ ಕಂಡರು. ಕಿರಿದಾಗುವ ಸಂದಿಗೆ ಎಣ್ಣೆ ಎಳೆಯಲ್ಪಡುವುದರಿಂದ ಆ ಒತ್ತಡ ಬರುತ್ತದೆ ಎಂದು ರೆನಾಲ್ಡ್ಸ್ 1886ರಲ್ಲಿ ಗಣಿತದಿಂದ ತೋರಿಸಿದರು. ಶಾಫ್ಟ್‌ನ ಕೇಂದ್ರವು ಕ್ಲಿಯರೆನ್ಸ್‌ನ ಶೇ. 80ರಷ್ಟು ಸರಿದಿದ್ದರೆ, 40 ಮೈಕ್ರಾನ್ ಕ್ಲಿಯರೆನ್ಸ್‌ನಲ್ಲಿ ಅತಿ ತೆಳು ಜಾಗದ ಪದರ 8 ಮೈಕ್ರಾನ್ ಮಾತ್ರ. ಅಲ್ಲಿ 8 ಮೈಕ್ರಾನ್ ಆಳದ ಕುಳಿ ಇದ್ದರೆ ಪದರ ಆ ಬಿಂದುವಿನಲ್ಲಿ ಎರಡು ಪಟ್ಟಾಗುತ್ತದೆ, ಒತ್ತಡ ಕಟ್ಟುವ ಶಕ್ತಿ ಅಷ್ಟು ಕುಸಿಯುತ್ತದೆ, ಮತ್ತು ಭಾರ ಬದಲಾಗದ ಕಾರಣ ಶಾಫ್ಟ್ ಇನ್ನಷ್ಟು ಕೆಳಗಿಳಿದು ಕಳೆದುಹೋದ ಒತ್ತಡವನ್ನು ತುಂಬಿಕೊಳ್ಳಬೇಕಾಗುತ್ತದೆ. ಕುಳಿಗಳು ಸ್ಥಳೀಯವಾಗಿ ಉಳಿಸಿದ ಘರ್ಷಣೆಯನ್ನು ಹೀಗೆ ತೆಳುವಾದ ಪದರ ತಿಂದುಹಾಕುತ್ತದೆ.

ಕುಳಿಯೊಂದು ತಾನಾಗಿಯೇ ಭಾರ ಹೊರಲಾರದೇ ಎಂಬ ಪ್ರಶ್ನೆ ಸಹಜ. ಪ್ರತಿ ಕುಳಿಯ ಒಂದು ಅರ್ಧದಲ್ಲಿ ಸಂದಿ ಹಿಗ್ಗಿ ಒತ್ತಡ ಇಳಿಯುತ್ತದೆ, ಇನ್ನೊಂದರಲ್ಲಿ ಕುಗ್ಗಿ ಏರುತ್ತದೆ. ಎರಡೂ ಸಮನಾಗಿ ರದ್ದಾದರೆ ನಿವ್ವಳ ಲಾಭ ಶೂನ್ಯ. ಇಳಿಯುವ ಬದಿಯಲ್ಲಿ ಎಣ್ಣೆ ಹರಿದು ಗುಳ್ಳೆಗಳಾದರೆ, ಅಂದರೆ ಕ್ಯಾವಿಟೇಶನ್ ಆದರೆ, ಋಣ ಒತ್ತಡಕ್ಕೆ ಮಿತಿ ಬಿದ್ದು ಧನ ಒತ್ತಡ ಮಿಗುತ್ತದೆ. ಹ್ಯಾಮಿಲ್ಟನ್, ವಾಲೊವಿಟ್ ಮತ್ತು ಆ್ಯಲನ್ 1966ರಲ್ಲಿ ಮುಂದಿಟ್ಟ ವಿವರಣೆಯ ತಿರುಳು ಇದು. 1990ರ ದಶಕದಲ್ಲಿ ಇಸ್ರೇಲಿನ ಟೆಕ್ನಿಯಾನ್‌ನಲ್ಲಿ ಎಟ್ಸಿಯಾನ್ ಮತ್ತು ಸಂಗಡಿಗರು ಲೇಸರ್ ಕುಳಿಗಳನ್ನು, ತಿರುಗುವ ಶಾಫ್ಟ್‌ನ ಬಳಿ ಸೋರಿಕೆ ತಡೆಯುವ ಯಾಂತ್ರಿಕ ಸೀಲ್‌ಗಳಿಗೆ ಅಳವಡಿಸಿದಾಗ ಅದು ಫಲ ಕೊಟ್ಟಿತು. ಸೀಲ್‌ನ ಎರಡು ಮುಖಗಳು ಸಮಾನಾಂತರ, ಅಲ್ಲಿ ಬೇರೆ ಬೆಣೆಯೇ ಇಲ್ಲ, ಆದ್ದರಿಂದ ಕುಳಿ ಕೊಟ್ಟದ್ದೆಲ್ಲ ಲಾಭ. ಜರ್ನಲ್ ಬೇರಿಂಗ್‌ನ ಭಾರದ ಭಾಗದಲ್ಲಿ ಆಗಲೇ ಬಲವಾದ ಬೆಣೆ ಇದೆ ಮತ್ತು ಸುತ್ತಲಿನ ಒತ್ತಡ ಎಷ್ಟು ಹೆಚ್ಚೆಂದರೆ ಕುಳಿಯೊಳಗೆ ಕ್ಯಾವಿಟೇಶನ್ ಆಗುವುದೇ ಇಲ್ಲ. ಸೀಲ್‌ನ ಯಶಸ್ಸನ್ನು ಬೇರಿಂಗ್‌ಗೆ ನೇರವಾಗಿ ಎತ್ತಿ ಹಚ್ಚುವುದು ಸರಿಯಲ್ಲವೆಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಮೂರನೆಯ ಮತ್ತು ನಾಲ್ಕನೆಯ ಬುಶ್‌ಗಳಲ್ಲಿ ಅವೇ ಕುಳಿಗಳು ಸುತ್ತಳತೆಯ ಒಂದು ಭಾಗದಲ್ಲಿ ಮಾತ್ರ ಇದ್ದವು. ಎಣ್ಣೆ ಒಳಬಂದ ನಂತರದ ಅಗಲ ಸಂದಿಯಲ್ಲಿ ಕುಳಿಗಳಿದ್ದ ಬುಶ್ ಹಗುರ ಭಾರದಲ್ಲಿ ಕೊಂಚ ಲಾಭ ತೋರಿತು, ಏಕೆಂದರೆ ಶಾಫ್ಟ್ ಬಹುತೇಕ ಮಧ್ಯದಲ್ಲಿರುವಾಗ ಸಂದಿ ಸಮಾನಾಂತರಕ್ಕೆ ಹತ್ತಿರವಾಗಿದ್ದು ಕುಳಿಗಳ ಸಾಲು ಒಟ್ಟಾಗಿ ಒಂದು ಮೆಟ್ಟಿಲಿನಂತೆ ವರ್ತಿಸುತ್ತದೆ. ಭಾರ ಏರಿದಾಗ ಆ ಲಾಭ ಕಾಣೆಯಾಯಿತು. ಗರಿಷ್ಠ ಒತ್ತಡದ ಜಾಗ ದಾಟಿದ ಮೇಲೆ, ಒತ್ತಡ ಇಳಿಯುತ್ತ ಹೋಗುವ ಭಾಗದಲ್ಲಿ ಕುಳಿಗಳಿದ್ದ ಬುಶ್ ಮಾತ್ರ ಪೂರ್ಣ ತೇಲುವ ಸ್ಥಿತಿಯಲ್ಲೂ ನುಣುಪು ಬುಶ್‌ಗೆ ಸರಿಸಾಟಿಯಾಗಿ, ಕೆಲವು ಭಾರಗಳಲ್ಲಿ ತುಸು ಮೇಲಾಗಿ ನಡೆಯಿತು. ತಾಲಾ-ಇಘಿಲ್ ಮತ್ತು ಸಂಗಡಿಗರ ಗಣನೆಗಳೂ ಪೂರ್ತಿ ಕುಳಿ ಕೊರೆಯುವುದಕ್ಕಿಂತ ಈ ಜಾಗದ ಭಾಗಶಃ ಕುಳಿಗಳೇ ಒಳ್ಳೆಯವೆಂದು ತೋರಿಸಿದ್ದವು. ಆದರೂ ಲಾಭದ ಪ್ರಮಾಣ ಸಣ್ಣದು. ಆ ಭಾಗದಲ್ಲಿ ಮುಂದೆ ಎಣ್ಣೆ ಪದರ ತಾನೇ ಹರಿದು ಎಳೆಗಳಾಗಿ ಹರಿಯುವುದರಿಂದ ಅಲ್ಲಿ ಉಳಿಸಲು ಇರುವ ಘರ್ಷಣೆಯೇ ಕಡಿಮೆ. ಪ್ರಾರಂಭದ ಸವೆತಕ್ಕೆ ಈ ಬುಶ್ ಹೆಚ್ಚೇನೂ ನೆರವಾಗುವುದಿಲ್ಲ, ಏಕೆಂದರೆ ನಿಂತ ಶಾಫ್ಟ್ ಕೂರುವ ಜಾಗ ನುಣುಪಾಗಿಯೇ ಉಳಿದಿದೆ.

ಐದನೆಯದು ಮೀನಿನ ಮುಳ್ಳಿನ ವಿನ್ಯಾಸದಲ್ಲಿ ಓರೆ ತೋಡುಗಳಿದ್ದ ಬುಶ್. ಹಾರ್ಡ್ ಡಿಸ್ಕ್‌ಗಳ ಸ್ಪಿಂಡಲ್ ಮೋಟಾರ್‌ಗಳಲ್ಲಿ ಬಳಕೆಯಾಗುವ ಬಗೆ. ಈ ತೋಡುಗಳು ಎಣ್ಣೆಯನ್ನು ಎರಡೂ ಅಂಚುಗಳಿಂದ ಮಧ್ಯಕ್ಕೆ ತಳ್ಳುತ್ತವೆ. ಹಗುರ ಭಾರ, ಹೆಚ್ಚು ವೇಗದಲ್ಲಿ ನುಣುಪು ಬುಶ್‌ನೊಳಗಿನ ಶಾಫ್ಟ್ ತನ್ನ ವೇಗದ ಅರ್ಧಕ್ಕಿಂತ ತುಸು ಕಡಿಮೆ ಆವರ್ತನದಲ್ಲಿ ಸುಳಿಯತೊಡಗಿದರೆ (ಅದರ ಕೇಂದ್ರವೇ ಸಣ್ಣ ವೃತ್ತದಲ್ಲಿ ಸುತ್ತತೊಡಗಿದರೆ), ಈ ಬುಶ್‌ನೊಳಗೆ ಪ್ರೋಬ್‌ಗಳು ತೋರಿಸಿದ ಪಥ ಚಿಕ್ಕದಾಗಿ, ಶಾಂತವಾಗಿ ಉಳಿಯಿತು. ಸ್ಥಿರತೆಯ ವಿಷಯದಲ್ಲಿ ಉಳಿದ ನಾಲ್ಕೂ ಇದರ ಹತ್ತಿರ ಬರಲಿಲ್ಲ. ಭಾರ ಹೆಚ್ಚಿದಾಗ ಇದರ ಕೊರತೆ ಕಾಣಿಸಿತು, ಅಂಚಿನಿಂದ ಸೋರುವ ಎಣ್ಣೆ ಕಡಿಮೆಯಾದ್ದರಿಂದ ತಾಪವೂ ಏರಿತು. ಶಾಫ್ಟ್ ಅನ್ನು ಹಿಮ್ಮುಖವಾಗಿ ತಿರುಗಿಸಿದರೆ ಅವೇ ತೋಡುಗಳು ಎಣ್ಣೆಯನ್ನು ಹೊರಗೆ ತಳ್ಳುತ್ತವೆ.

ಆಳದ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ: ಕುಳಿಯ ಆಳ ಬೇರಿಂಗ್ ನಿಜವಾಗಿ ಓಡುವ ಪದರದ ದಪ್ಪಕ್ಕೆ ಹತ್ತಿರವಿರಬೇಕು. ಕುಳಿಯ ಅಗಲಕ್ಕೆ ಹೋಲಿಸಿದರೆ ಆಳ ಬಹಳ ಹೆಚ್ಚಾದಾಗ ಎಣ್ಣೆ ಒಳಗೇ ಸುತ್ತತೊಡಗುತ್ತದೆ, ಘರ್ಷಣೆ ಇನ್ನಷ್ಟು ಇಳಿಯುವುದಿಲ್ಲ, ಒತ್ತಡ ಮಾತ್ರ ಕಳೆಯುತ್ತದೆ. ಬ್ಯಾಬಿಟ್‌ನಂಥ ಮೃದು ಲೋಹದ ಬುಶ್‌ಗೆ ಈ ಖರ್ಚು ನನಗೆ ಸಮರ್ಥನೀಯವಾಗಿ ಕಾಣುವುದಿಲ್ಲ. ಅದು ಕಣಗಳನ್ನು ತನ್ನೊಳಗೇ ಹುದುಗಿಸಿಕೊಳ್ಳುತ್ತದೆ, ಕೆಲವೇ ಮೈಕ್ರಾನ್ ಆಳದ ಕುಳಿಗಳು ಸವೆತದಲ್ಲಿ ಬೇಗ ಅಳಿಸಿಹೋಗುತ್ತವೆ. ಕುಳಿಗಳನ್ನು ಶಾಫ್ಟ್‌ನ ಮೇಲೆ ಕೊರೆದರೆ ಅವು ಪ್ರತಿ ಸುತ್ತಿಗೂ ಭಾರದ ಭಾಗವನ್ನು ಹಾದುಹೋಗುತ್ತವೆ, ಆಗ ಜಾಗ ಆರಿಸುವ ಅವಕಾಶವೇ ಇರುವುದಿಲ್ಲ.

ದಿನವಿಡೀ ಒಂದೇ ವೇಗದಲ್ಲಿ, ಸಾಕಷ್ಟು ಎಣ್ಣೆಯೊಂದಿಗೆ ಓಡುವ ಯಂತ್ರಕ್ಕೆ ನಾನು ನುಣುಪು ಬುಶ್ ಅನ್ನೇ ಆರಿಸುತ್ತೇನೆ; ಘರ್ಷಣೆ ಇಳಿಸಬೇಕಿದ್ದರೆ ಮೊದಲು ಎಣ್ಣೆಯ ದರ್ಜೆ ಮತ್ತು ಕ್ಲಿಯರೆನ್ಸ್ ಕಡೆ ನೋಡುತ್ತೇನೆ. ಪದೇಪದೇ ನಿಂತು ಹೊರಡುವ, ನಿಧಾನವಾಗಿ ತೂಗಾಡುವ, ಅಥವಾ ಎಣ್ಣೆ ಆಗಾಗ ಕೊರತೆಯಾಗುವ ಬೇರಿಂಗ್‌ಗೆ ಪೂರ್ತಿ ಕುಳಿಯ ಬುಶ್ ತನ್ನ ಬೆಲೆಗೆ ತಕ್ಕ ಕೆಲಸ ಮಾಡುತ್ತದೆ. ಹಗುರವಾದ ವೇಗದ ಸ್ಪಿಂಡಲ್‌ಗೆ ಓರೆ ತೋಡುಗಳು ಬೇಕು. ಇಳಿಯುವ ಒತ್ತಡದ ಭಾಗದಲ್ಲಿ ಮಾತ್ರ ಕುಳಿಗಳಿರುವ ಬುಶ್ ಅನ್ನು ಭಾರದ ದಿಕ್ಕೂ ತಿರುಗುವ ದಿಕ್ಕೂ ಎಂದಿಗೂ ಬದಲಾಗದ ಕಡೆ ಮಾತ್ರ ಹಾಕಬೇಕು. ಎರಡೂ ದಿಕ್ಕಿಗೆ ತಿರುಗುವ ಶಾಫ್ಟ್‌ನಲ್ಲಿ ಆ ಕುಳಿಗಳು ಬೆಣೆ ಕಿರಿದಾಗುವ ಬದಿಗೆ ಬಂದು, ನುಣುಪು ಬುಶ್ ಸಲೀಸಾಗಿ ಹೊರುತ್ತಿದ್ದ ಭಾರದಲ್ಲೇ ಪದರವನ್ನು ತೆಳುವಾಗಿಸುತ್ತವೆ.