ಥ್ರಾಟಲ್ ಕ್ಲೀನರ್ ಸ್ಪ್ರೇ: ಕಾರವಾರದ ಕಾರಿಗೆ ಎಷ್ಟು ಪ್ರಯೋಜನ?

ಆಕ್ಸಿಲರೇಟರ್ ಅಂಟಿಕೊಳ್ಳುತ್ತಿದೆಯೇ? ಥ್ರಾಟಲ್‌ನಲ್ಲಿ, ಅಂದರೆ ಇಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಭಾಗದಲ್ಲಿ, ಕೂತ ಮಸಿಗೆ ಈ ಸ್ಪ್ರೇ ಒಳ್ಳೆಯ ಮದ್ದು, ತುಕ್ಕಿಗೆ ಅಲ್ಲ. ಕಾರವಾರ, ಅಂಕೋಲಾ ಕಡೆಯ ಉಪ್ಪುಗಾಳಿಗೆ ಹಳೆಯ ಕಾರುಗಳ ಆಕ್ಸಿಲರೇಟರ್ ಕೇಬಲ್ ಒಳಗೊಳಗೇ ತುಕ್ಕು ಹಿಡಿಯುತ್ತದೆ. ಹಾಗಾಗಿ ಡಬ್ಬಿ ಕೊಳ್ಳುವ ಮೊದಲು ದೋಷ ಎಲ್ಲಿದೆ ಎಂದು ನೋಡಿ. ಪೆಡಲಿಗೆ ಮ್ಯಾಟ್ ಸಿಕ್ಕಿಕೊಂಡಿಲ್ಲವೇ? ಇಂಜಿನ್ ಆಫ್ ಮಾಡಿ, ಕೇಬಲ್ ತುದಿ ಕಳಚಿ, ಥ್ರಾಟಲ್ ಲಿವರ್ ಕೈಯಿಂದ ತಿರುಗಿಸಿ. ಸಲೀಸಾಗಿ ತಿರುಗಿ ಟಕ್ಕೆಂದು ಮರಳಿದರೆ ತಪ್ಪು ಕೇಬಲ್ ಅಥವಾ ಪೆಡಲಿನದು. ಎಳೆ ಬಿಚ್ಚಿದ ಕೇಬಲನ್ನು ಬದಲಿಸಲೇಬೇಕು, ಎಣ್ಣೆ ಬಿಟ್ಟು ಕೈ ತೊಳೆದುಕೊಳ್ಳಬೇಡಿ.

ಲಿವರ್ ಮೊದಲಿಗೆ ಅಂಟಿ, ಆಮೇಲೆ ಸಡಿಲಾದರೆ ಸ್ಪ್ರೇ ಸಾರ್ಥಕ. ಇಂಜಿನ್ನಿನ ಎಣ್ಣೆ ಆವಿ ಥ್ರಾಟಲ್ ಒಳಗೆ ತಿರುಗುವ ತಟ್ಟೆಯ (ಬಟರ್‌ಫ್ಲೈ) ಅಂಚಿನಲ್ಲಿ ಕೂತು, ಗೋಡೆಗೆ ಕಪ್ಪು ಬಳೆಯಂತೆ ಗಟ್ಟಿಯಾಗಿರುತ್ತದೆ. ತಣ್ಣಗಿನ ಇಂಜಿನ್ನಿನಲ್ಲಿ ಏರ್ ಪೈಪ್ ತೆಗೆದು, ಬಟ್ಟೆಗೆ ಸ್ಪ್ರೇ ಹೊಡೆದು ತಟ್ಟೆಯ ಎರಡೂ ಬದಿ ಒರೆಸಿ. ಒಳಬರುವ ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರಿಗೆ ತಾಗಿಸಬೇಡಿ, ಬ್ಲೇಡಿನಿಂದ ಕೆರೆಯಲೇಬೇಡಿ. ಕಾರ್ಬುರೇಟರ್ ಕ್ಲೀನರ್ ಖಾರ ಜಾಸ್ತಿ, ಒಳಗಿನ ಲೇಪನ ತಿನ್ನಬಹುದು.

ಕೇಬಲ್ ಬದಲು ಮೋಟಾರಿನಿಂದ ತಿರುಗುವ ಎಲೆಕ್ಟ್ರಾನಿಕ್ ಥ್ರಾಟಲ್ ಇದ್ದರೆ ತಟ್ಟೆಯನ್ನು ಬೆರಳಿನಿಂದ ಒತ್ತಬೇಡಿ, ಅದರೊಳಗಿನ ಪುಟ್ಟ ಗೇರ್ ಮುರಿಯಬಹುದು. ಆಮೇಲೆ ಐಡಲ್ (ಪೆಡಲ್ ಒತ್ತದಿದ್ದಾಗಿನ ಇಂಜಿನ್ ವೇಗ) ಏರುಪೇರಾದರೆ ಸ್ಕ್ಯಾನರ್‌ನಿಂದ ಮರುಹೊಂದಿಸಿ. ದುರಸ್ತಿಯಾಗುವ ತನಕ ಕಾರು ಹೆದ್ದಾರಿಗೆ ಇಳಿಸಬೇಡಿ. ಓಡುವಾಗ ಆಕ್ಸಿಲರೇಟರ್ ಅಂಟಿದರೆ ಗೇರ್ ನ್ಯೂಟ್ರಲ್‌ಗೆ ಹಾಕಿ ಬ್ರೇಕ್ ಗಟ್ಟಿಯಾಗಿ ಒತ್ತಿ.