ಹಬ್ಬದ ಖರೀದಿ: ಚಿಕ್ಕಪೇಟೆಯೋ, ಮಾಲೋ, ಮೊಬೈಲೋ?

ದೀಪಾವಳಿ ಹತ್ತಿರ ಬಂತೆಂದರೆ ನಮ್ಮ ಮನೆಯಲ್ಲಿ ಎರಡು ಪಕ್ಷ. ಅಮ್ಮನಿಗೆ ಅಂಗಡಿಗೆ ಹೋಗುವುದೇ ಅರ್ಧ ಹಬ್ಬ. ಬಟ್ಟೆ ಮುಟ್ಟಿ, ಮಡಿಕೆ ಬಿಚ್ಚಿಸಿ, ಪಕ್ಕದ ಅಂಗಡಿಯ ರೇಟನ್ನೂ ಕೇಳಿ ಬಂದರೇ ಅವಳಿಗೆ ಸಮಾಧಾನ. ತಮ್ಮನಿಗೆ ಅದು ಮುಗಿಸಬೇಕಾದ ಕೆಲಸ. ‘ಪಟ್ಟಿ ಕೊಡಿ, ಊಟ ಮುಗಿಯೋದ್ರೊಳಗೆ ಆರ್ಡರ್ ಮಾಡಿಬಿಡ್ತೀನಿ’ ಅನ್ನುತ್ತಾನೆ. ಇಬ್ಬರ ಮಾತಲ್ಲೂ ನ್ಯಾಯ ಇದೆ. ಹಾಗಾಗಿ ಒಂದೇ ಪಟ್ಟಿ ಹಿಡಿದು ಮೂರೂ ಕಡೆ ನೋಡಿದೆ: ಅಮ್ಮನಿಗೆ ಇಳಕಲ್ ಸೀರೆ, ಅಪ್ಪನಿಗೆ ಪಂಚೆ ಮತ್ತು ಶರ್ಟು, ತಮ್ಮನ ಮಗಳಿಗೆ ಲಂಗ-ಬ್ಲೌಸು, ಜೊತೆಗೆ ಒಂದು ಕುಕ್ಕರ್ ಮತ್ತು ಪೂಜೆ ಸಾಮಾನು. ಹಬ್ಬದ ಖರೀದಿಯಲ್ಲಿ ಎಲ್ಲರೂ ದೂರುವುದು ಜನಜಂಗುಳಿಯನ್ನು. ನನಗೆ ಅದಕ್ಕಿಂತ ಹೆಚ್ಚು ತಲೆ ಕೆಡಿಸಿದ್ದು, ಹೇಳಿದ ಬೆಲೆ ನಿಜವಾದ ಬೆಲೆಯೋ ಅಲ್ಲವೋ ಎಂಬ ಅನುಮಾನ.

ಮೊದಲು ಚಿಕ್ಕಪೇಟೆ. ಇದು ಕೆಂಪೇಗೌಡರು 1537ರಲ್ಲಿ ಕಟ್ಟಿದ ಹಳೆಯ ಪೇಟೆಯ ಭಾಗ. ಎತ್ತಿನಗಾಡಿಯ ಕಾಲದ ಆ ಗಲ್ಲಿಗಳಲ್ಲಿ ಈಗ ಗೂಡ್ಸ್ ಆಟೊ, ತಲೆಹೊರೆಯವರು, ಸ್ಕೂಟರ್, ಮಕ್ಕಳನ್ನು ಎತ್ತಿಕೊಂಡ ತಾಯಂದಿರು ಎಲ್ಲರೂ ಒಟ್ಟಿಗೆ ನುಗ್ಗಬೇಕು. ಕಾರು ತರುವ ಯೋಚನೆಯನ್ನೇ ಬಿಡಿ. 2017ರಲ್ಲಿ ಮೆಟ್ರೊ ನಿಲ್ದಾಣ ಬಂದ ಮೇಲೆ ಹೋಗುವ ಬರುವ ಕಷ್ಟವಂತೂ ನಿಜಕ್ಕೂ ಕಡಿಮೆಯಾಗಿದೆ. ನಾವು ಹೋದದ್ದು ಬೆಳಿಗ್ಗೆ, ಅಂಗಡಿ ಬಾಗಿಲು ತೆಗೆದು ದೀಪ ಹಚ್ಚುವ ಹೊತ್ತಿಗೆ. ಬೋಣಿ ಗಿರಾಕಿಯನ್ನು ಬರಿಗೈಲಿ ಕಳಿಸಲು ಯಾವ ವ್ಯಾಪಾರಿಗೂ ಮನಸ್ಸು ಬರುವುದಿಲ್ಲ ಎನ್ನುವುದು ಅಮ್ಮನ ಲೆಕ್ಕ. ಸಂಜೆ ಐದರ ಮೇಲೆ ಅದೇ ಅಂಗಡಿಯಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ, ಚೌಕಾಸಿಗೆ ಯಾರಿಗೂ ಪುರುಸೊತ್ತೂ ಇರುವುದಿಲ್ಲ.

ಬಿಳಿ ಗಾದಿಯ ಮೇಲೆ ಕೂರಿಸಿ, ‘ನೋಡೋಕೆ ಕಾಸಿಲ್ಲ, ನೋಡಿ ಅಮ್ಮಾ’ ಎನ್ನುತ್ತಾ ಅಂಗಡಿಯವರು ಒಂದರ ಮೇಲೊಂದು ಸೀರೆ ಬಿಚ್ಚಿ ಹರವಿದರು. ಅಮ್ಮ ಮೊದಲು ನೋಡಿದ್ದು ಬಣ್ಣವನ್ನಲ್ಲ. ಸೆರಗು ಮೈಗೆ ಸೇರುವ ಜಾಗವನ್ನು ಹಿಡಿದು, ತಿರುಗಿಸಿ, ಬೆಳಕಿಗೆ ಒಡ್ಡಿದಳು. ಕೈಮಗ್ಗದ ಇಳಕಲ್ ಸೀರೆಯಲ್ಲಿ ಮೈಯ ಹಾಸು (ಉದ್ದಕ್ಕೆ ಹಾಯುವ ಎಳೆ) ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕುಣಿಕೆ ಹಾಕಿ ಕೂಡಿಸುತ್ತಾರೆ, ಅದಕ್ಕೇ ಕೊಂಡಿ ಅನ್ನುವುದು. ಹಿಂಬದಿಯಿಂದ ನೋಡಿದರೆ, ಬೆರಳಾಡಿಸಿದರೆ ಆ ಕೂಡುಗೆರೆ ಗೊತ್ತಾಗುತ್ತದೆ. ಕೆಂಪು ಸೆರಗಿನ ಮೇಲಿನ ತೋಪು ತೆನೆ ಎಂಬ ಬಿಳಿ ವಿನ್ಯಾಸವೂ ನೇಯ್ದದ್ದೇ, ಅಚ್ಚು ಹೊಡೆದದ್ದಲ್ಲ. ಅಮ್ಮ ಕೊಂಡಿ ಹುಡುಕಿದ್ದು ನೋಡಿ ಅಂಗಡಿಯವರು ತೆರೆದಿಟ್ಟಿದ್ದ ರಾಶಿಯನ್ನು ತಾವೇ ಬದಿಗೆ ಸರಿಸಿ, ಒಳಗಿನಿಂದ ಬೇರೆ ಕಟ್ಟು ತರಿಸಿದರು. 3,200 ಎಂದು ಶುರುವಾದದ್ದು 2,650ಕ್ಕೆ ನಿಂತಿತು. ನಿಜ ಬೆಲೆ ಇದಕ್ಕಿಂತ ಕಡಿಮೆ ಇತ್ತೇನೋ. ಆದರೆ ಅಮ್ಮನಿಗೆ ತಾನು ಯಾವುದಕ್ಕೆ ದುಡ್ಡು ಕೊಡುತ್ತಿದ್ದೇನೆ ಎನ್ನುವುದು ಗೊತ್ತಿತ್ತು.

ಚಿಕ್ಕಪೇಟೆಯ ಬಗ್ಗೆ ನನಗೆ ಸಿಟ್ಟು ಇರುವುದು ಒಂದೇ ವಿಷಯಕ್ಕೆ. ಮೂರು ನಾಲ್ಕು ತಾಸು ಸುತ್ತುವ ಹೆಂಗಸರಿಗೆ ಅಲ್ಲಿ ಸರಿಯಾದ ಶೌಚಾಲಯ ಸಿಗುವುದಿಲ್ಲ. ನೀರು ಕುಡಿಯದೆ ಹೋಗಿ, ನೀರು ಕುಡಿಯದೆ ವಾಪಸ್ ಬರುವುದನ್ನು ನಮ್ಮ ಹೆಣ್ಣುಮಕ್ಕಳು ಅಭ್ಯಾಸ ಮಾಡಿಕೊಂಡಿದ್ದಾರೆ. ಇಷ್ಟು ವಹಿವಾಟು ನಡೆಯುವ ಜಾಗದಲ್ಲಿ ಇದು ನಾಚಿಕೆಗೇಡು.

ಈ ಒಂದು ಕಾರಣಕ್ಕೇ ಅಪ್ಪನನ್ನೂ ಅಮ್ಮನನ್ನೂ ಒಟ್ಟಿಗೆ ಕರೆದೊಯ್ಯುವುದಿದ್ದರೆ ನನ್ನ ಓಟು ಮಾಲಿಗೆ. ಲಿಫ್ಟ್ ಇದೆ, ಕೂರಲು ಬೆಂಚಿದೆ, ಟಾಯ್ಲೆಟ್ ಇದೆ. ಮಂಡಿನೋವಿನ ಅಪ್ಪನಿಗೆ ಬೇರೆ ಇನ್ನೇನು ಬೇಕು? ಶರ್ಟು ಹಾಕಿ ನೋಡಬಹುದು, ಅಳತೆ ಸರಿಯಿಲ್ಲದಿದ್ದರೆ ವಾರದೊಳಗೆ ಬದಲಾಯಿಸಬಹುದು. ಸಾಂಪ್ರದಾಯಿಕ ಬಟ್ಟೆಯ ವಿಷಯದಲ್ಲಿ ಮಾತ್ರ ಮಾಲು ಬಡವಾಗಿದೆ. ಪಂಚೆ ಒಂದು ಮೂಲೆಯಲ್ಲಿ, ಅದೂ ಶರ್ಟಿನ ಜೊತೆ ಸೆಟ್ಟಾಗಿ, ಅಪ್ಪನಿಗೆ ಬೇಡದ ಬಣ್ಣದಲ್ಲಿ.

ಮಾಲಿನಲ್ಲಿ ಬೆಲೆ ಅಚ್ಚಾಗಿರುತ್ತದೆ, ಚೌಕಾಸಿಯ ಗೊಡವೆ ಇಲ್ಲ. ಹಾಗೆಂದು ಲೆಕ್ಕ ನೋಡದೆ ಬರಬಾರದು. 2025ರ ಸೆಪ್ಟೆಂಬರ್ 22ರಿಂದ ಸಿದ್ಧ ಉಡುಪಿಗೆ 2,500 ರೂಪಾಯಿವರೆಗೆ ಶೇ 5, ಅದಕ್ಕೆ ಮೇಲ್ಪಟ್ಟರೆ ಶೇ 18 ಜಿಎಸ್‌ಟಿ. ಈ ಗೆರೆ ದಾಟಿದ ಕೂಡಲೇ ತೆರಿಗೆ ಮೂರು ಪಟ್ಟಿಗೂ ಹೆಚ್ಚಾಗುತ್ತದೆ. ಒಂದು ಮಳಿಗೆಯಲ್ಲಿ ರಿಯಾಯಿತಿ ಬೆಲೆಯ ಮೇಲೆ ತೆರಿಗೆ ಬೇರೆ ಎಂದರು. ಎಂಆರ್‌ಪಿ ಎಂದರೆ ಎಲ್ಲ ತೆರಿಗೆಯೂ ಸೇರಿದ ಗರಿಷ್ಠ ಬೆಲೆ, ರಿಯಾಯಿತಿ ಕೊಡುವುದಿದ್ದರೆ ಅದರಲ್ಲೇ ಕೊಡಬೇಕಲ್ಲವೇ ಎಂದು ಕೇಳಿದ್ದಕ್ಕೆ ಮ್ಯಾನೇಜರ್ ಬಂದು ಬಿಲ್ ಸರಿಮಾಡಿಸಿದರು. ಕೇಳದವರೆಷ್ಟು ಜನ ಕೊಟ್ಟು ಹೋದರೋ!

ಮಾಲಿನ ಮಳಿಗೆಗಳಲ್ಲಿ ಕೆಲಸ ಮಾಡುವ ಹುಡುಗಿಯರನ್ನು ನೋಡಿ ಬೇಸರವಾಯಿತು. ಹಬ್ಬದ ವಾರಗಳಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಂತೇ ಇರುತ್ತಾರೆ. ಅಂಗಡಿ ನೌಕರರಿಗೆ ಕೂರಲು ಆಸನ ಕೊಡಲೇಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಿದವು. ಚಿಕ್ಕಪೇಟೆಯ ಗಾದಿ ಅಂಗಡಿಯಲ್ಲಿ ಮಾರುವವರೂ ಕೊಳ್ಳುವವರೂ ಕೂತೇ ವ್ಯವಹಾರ ಮಾಡುತ್ತಾರೆ. ಇದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ.

ಇನ್ನು ತಮ್ಮನ ಪಕ್ಷ. ಆನ್‌ಲೈನ್ ಹಬ್ಬದ ಸೇಲ್ ನಮ್ಮೂರಿನಲ್ಲೇ ಬೆಳೆದ ಸಂಪ್ರದಾಯ. ಬೆಂಗಳೂರಿನ ಫ್ಲಿಪ್‌ಕಾರ್ಟ್ 2014ರ ಅಕ್ಟೋಬರ್ 6ರಂದು ಮೊದಲ ಬಿಗ್ ಬಿಲಿಯನ್ ಡೇ ಮಾಡಿದಾಗ ಸೈಟು ಭಾರ ತಾಳದೆ ಕುಸಿದಿತ್ತು, ಸಂಸ್ಥಾಪಕರಾದ ಸಚಿನ್ ಬನ್ಸಾಲ್ ಮತ್ತು ಬಿನ್ನಿ ಬನ್ಸಾಲ್ ಗ್ರಾಹಕರ ಕ್ಷಮೆ ಕೇಳಿ ಪತ್ರ ಬರೆದಿದ್ದರು. ಈಗ ಸೈಟುಗಳು ಕುಸಿಯುವುದು ಅಪರೂಪ. ಮಿಕ್ಸಿ, ಕುಕ್ಕರ್, ಮೊಬೈಲ್, ಇಯರ್‌ಫೋನ್ ಇಂಥವುಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಮಾಡೆಲ್ ನಂಬರ್ ಒಂದೇ, ವಾರಂಟಿ ಒಂದೇ, ಬೆಲೆ ಹೋಲಿಸುವುದು ಸುಲಭ. ಇದರಲ್ಲಿ ತಮ್ಮನದೇ ಸರಿ.

ಬಟ್ಟೆಗೆ ಬಂದರೆ ನಾನು ಒಪ್ಪುವುದಿಲ್ಲ. ‘ಕೈಮಗ್ಗದ ಇಳಕಲ್’ ಎಂದು ಒಬ್ಬ ಮಾರಾಟಗಾರ ಹಾಕಿದ್ದ ಸೀರೆ ತರಿಸಿದೆವು. ಫೋಟೊದಲ್ಲಿ ಕಣ್ಣಿಗೆ ಹಬ್ಬ. ಬಿಚ್ಚಿ ನೋಡಿದರೆ ಕೊಂಡಿಯೇ ಇಲ್ಲ, ತೆನೆಗಳು ಸೆರಗಿನ ಮೇಲೆ ಅಚ್ಚಾಗಿದ್ದವು, ಹಿಂಬದಿ ಬೋಳು. ವಾಪಸ್ ಹೋಯಿತು, ದುಡ್ಡೂ ಬಂತು. ಆದರೆ ಆ ಪುಟದಲ್ಲಿ ನೂರಾರು ಜನ ಐದು ನಕ್ಷತ್ರ ಕೊಟ್ಟು ಹೊಗಳಿದ್ದನ್ನು ಓದಿ ಹೊಟ್ಟೆ ಉರಿಯಿತು. ಅಲ್ಲಿ ಬಾಗಲಕೋಟೆ ಜಿಲ್ಲೆಯ ನೇಕಾರ ಎಳೆ ಎಳೆಗೂ ಕುಣಿಕೆ ಹಾಕುತ್ತಾ ಕೂತಿರುತ್ತಾನೆ, ಇಲ್ಲಿ ಅವನ ಊರಿನ ಹೆಸರಲ್ಲಿ ಅಚ್ಚಿನ ಬಟ್ಟೆ ಮಾರಾಟವಾಗುತ್ತದೆ.

‘ಇನ್ನು ಎರಡೇ ಉಳಿದಿವೆ’, ‘ಆಫರ್ ಮುಗಿಯಲು ಹತ್ತು ನಿಮಿಷ’ ಎನ್ನುವ ಕೆಂಪಕ್ಷರಗಳನ್ನೂ ನಾನು ಸಹಿಸಲಾರೆ. ಹತ್ತು ನಿಮಿಷ ಕಳೆದ ಮೇಲೆ ಗಡಿಯಾರ ಮತ್ತೆ ಮೊದಲಿನಿಂದ ಓಡುತ್ತಿತ್ತು. ಇಂಥ ಸುಳ್ಳು ಅವಸರ ಹುಟ್ಟಿಸುವುದೂ ಸೇರಿ ಹದಿಮೂರು ಬಗೆಯ ಮೋಸದ ವಿನ್ಯಾಸಗಳನ್ನು ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲೇ ನಿಷೇಧಿಸಿದೆ. ಚಿಕ್ಕಪೇಟೆಯಲ್ಲಿ ಕಾಲು ನೋಯುತ್ತದೆ, ಮನೆಗೆ ಬಂದು ಬಿಸಿನೀರು ಹಾಕಿಕೊಂಡರೆ ಹೋಗುತ್ತದೆ. ರಾತ್ರಿ ಹನ್ನೊಂದರವರೆಗೆ ಫೋನ್ ತೀಡಿದ ಮೇಲೆ ಏನೂ ಕೊಳ್ಳದೆಯೂ ನನಗೆ ನಿದ್ದೆ ಬರಲಿಲ್ಲ.

ಪೂಜೆ ಸಾಮಾನಿನ ಮಾತು ಬೇಗ ಮುಗಿಯುತ್ತದೆ. ಕರ್ಪೂರ, ಬತ್ತಿ, ಎಣ್ಣೆ, ಊದುಬತ್ತಿ ಬೇಗ ಮನೆಗೆ ತಲುಪಿಸುವ ಆ್ಯಪ್‌ಗಳಲ್ಲಿ ತರಿಸಿ, ಏನೂ ತೊಂದರೆಯಿಲ್ಲ. ಹೂವು ಬೇಡ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೆವೆತ ಸೇವಂತಿಗೆ ಬೆಳಿಗ್ಗೆ ಹೊತ್ತಿಗೆ ಕಪ್ಪಾಗಿತ್ತು. ಕೆ.ಆರ್. ಮಾರುಕಟ್ಟೆಯಲ್ಲಿ ಹಬ್ಬದ ಹಿಂದಿನ ದಿನ ಹೂವಿನ ರೇಟು ಗಂಟೆಗೊಮ್ಮೆ ಏರುತ್ತದೆ, ಅದಕ್ಕೆ ಇನ್ನೂ ಒಂದು ದಿನ ಮುಂಚೆಯೇ ಹೋದರೆ ಒಳ್ಳೆಯದು. ಅಷ್ಟು ದೂರ ಆಗದವರಿಗೆ ಗಾಂಧಿಬಜಾರ್ ಇದೆ. ಹಣತೆಯನ್ನು ಮಾತ್ರ ರಸ್ತೆಬದಿಯಲ್ಲಿ ಮಣ್ಣಿನದೇ ತೆಗೆದುಕೊಳ್ಳಿ, ದಯವಿಟ್ಟು ಚೌಕಾಸಿ ಮಾಡಬೇಡಿ.

ಎಲ್ಲಿ ಕೊಂಡರೂ ಬಿಲ್ ತೆಗೆದುಕೊಳ್ಳಿ. ‘ಮಾರಿದ ಸರಕನ್ನು ವಾಪಸ್ ಪಡೆಯುವುದಿಲ್ಲ’ ಎಂದು ಬಿಲ್ಲಿನ ಕೆಳಗೆ ಅಚ್ಚು ಹಾಕಿದ್ದರೂ ದೋಷವಿದ್ದ ಸರಕಿಗೆ ಅದು ನಡೆಯುವುದಿಲ್ಲ. ಬಿಲ್ಲಿನಲ್ಲಿ ಅವಧಿ ಹೇಳಿರದಿದ್ದರೆ ಮೂವತ್ತು ದಿನದೊಳಗೆ ವಾಪಸ್ ಪಡೆದು ಹಣ ಕೊಡಬೇಕು, ನಿರಾಕರಿಸಿದರೆ ಅದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಅನುಚಿತ ವ್ಯಾಪಾರ. ದೂರು ಹೇಳಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಈ ಸಲ ನಮ್ಮ ಮನೆಯಲ್ಲಿ ಹೀಗೆ ಹಂಚಿಕೆಯಾಗಿದೆ: ಕುಕ್ಕರ್ ತಮ್ಮನ ಪಾಲು, ಶರ್ಟು ಮಾಲಿನಲ್ಲಿ, ಸೀರೆ ಮತ್ತು ಪಂಚೆ ಚಿಕ್ಕಪೇಟೆಯಲ್ಲಿ. ಮಗುವಿನ ಲಂಗ-ಬ್ಲೌಸು ಮಾತ್ರ ಎಲ್ಲೂ ಒಪ್ಪಿಗೆಯಾಗಲಿಲ್ಲ. ಬಟ್ಟೆ ತೆಗೆದು ನಮ್ಮ ಬೀದಿಯ ಟೈಲರ್‌ಗೆ ಕೊಟ್ಟಿದ್ದೇವೆ, ನರಕ ಚತುರ್ದಶಿಗೆ ಎರಡು ದಿನ ಮುಂಚೆ ಕೊಡುತ್ತೇನೆ ಎಂದಿದ್ದಾರೆ.